ನೀಲಿ ಹುಲಿಗೆ ಗೇಟು ಗೊತ್ತಿಲ್ಲ

‘ಬಿಳಿಗಿರಿರಂಗನ ಬೆಟ್ಟಕ್ಕೆ ಸಾವಿರಗಟ್ಟಲೆ ಚಿಟ್ಟೆ ಬಂದಿವೆ, ಒಂದು ಸ್ಟೋರಿ ಕೊಡ್ತೀವಿ’ ಅಂತ ಡೆಸ್ಕಿಗೆ ಫೋನ್ ಮಾಡಿದೆವು. ಆ ಕಡೆಯಿಂದ ಬಂದ ಉತ್ತರ ನಮ್ಮಂಥ ಸ್ಟ್ರಿಂಗರುಗಳಿಗೆ ಹೊಸದೇನಲ್ಲ. ‘ಹುಲಿ ಇದ್ರೆ ಕಳ್ಸಿ. ಚಿಟ್ಟೆಗೆ ಪೇಜಲ್ಲಿ ಜಾಗ ಇಲ್ಲ. ಫೋಟೊ ಚೆನ್ನಾಗಿದ್ರೆ ಒಂದು ಕ್ಯಾಪ್ಷನ್ ಹಾಕೋಣ.’

ನಾವು ನೋಡಲು ಹೊರಟಿದ್ದ ಚಿಟ್ಟೆಯ ಹೆಸರೇ ಬ್ಲೂ ಟೈಗರ್, ಅಂದರೆ ನೀಲಿ ಹುಲಿ. ಅದನ್ನು ಡೆಸ್ಕಿಗೆ ಹೇಳುವ ಧೈರ್ಯ ಆಗಲಿಲ್ಲ. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಸಂಭಾವನೆ ಪಡೆಯುವವರು ಡೆಸ್ಕಿನ ಜೊತೆ ತಮಾಷೆ ಮಾಡಬಾರದು. ಪೇಪರಿನಲ್ಲಿ ಜಾಗ ಸಿಗದ್ದನ್ನು ಇಲ್ಲಿ ಬರೆದುಕೊಳ್ಳುವುದು ನಮಗೆಲ್ಲ ಅಭ್ಯಾಸವಾಗಿದೆ. ಅದಕ್ಕೇ ಈ ಬರಹ.

ನವೆಂಬರ್ ಮೊದಲ ವಾರ, ಡಿಪ್ಲೊಮಾ ದಿನಗಳಿಂದ ಜೊತೆಗಿರುವ ನಾವು ಮೂವರು ಯಳಂದೂರಿನಿಂದ ಬೆಳಗಿನ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ದೇವಸ್ಥಾನಕ್ಕೆ ಹೊರಟವರು, ಸಂತೆ ಮುಗಿಸಿ ವಾಪಸಾಗುವ ಸೋಲಿಗ ಹೆಂಗಸರು, ಒಂದಿಬ್ಬರು ಮೇಷ್ಟ್ರು. ಗುಂಬಳ್ಳಿ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು. ಗೇಟು ತೆರೆಯುವಷ್ಟರಲ್ಲಿ ಕಿಟಕಿಯಿಂದ ನೋಡಿದರೆ, ಆಗಲೇ ಹತ್ತಿಪ್ಪತ್ತು ಚಿಟ್ಟೆಗಳು ಗೇಟಿನ ಮೇಲಿಂದ ಹಾರಿ ಕಾಡಿನ ಕಡೆ ಹೋಗುತ್ತಿದ್ದವು. ಅವುಗಳಿಗೆ ಎಂಟ್ರಿ ಇಲ್ಲ, ಚೀಟಿ ಇಲ್ಲ. ಅದನ್ನು ನೋಡಿ ನಗು ಬಂತು. ಆಮೇಲೆ ಯೋಚಿಸಿದಾಗ ಇಡೀ ವಿಷಯ ಆ ಗೇಟಿನಲ್ಲೇ ಇದೆ ಅನ್ನಿಸಿತು.

ಬೆಟ್ಟದ ಮೇಲೆ ಪರಿಚಯದ ಸೋಲಿಗ ಹಿರಿಯರೊಬ್ಬರು ಕಾಯುತ್ತಿದ್ದರು. ಅವರು ನಮ್ಮನ್ನು ರಸ್ತೆಯ ಒಂದು ಸಣ್ಣ ಸೇತುವೆ ಹತ್ತಿರ ಕರೆದುಕೊಂಡು ಹೋದರು. ‘ಇಲ್ಲಿಂದ ಕೆಳಗಿಳಿಯಂಗಿಲ್ಲ. ನಿಂತ್ಕೊಂಡೇ ನೋಡಿ. ಮಾತಾಡ್ಬೇಡಿ’ ಅಂದರು. ಕೆಳಗೆ ತೊರೆ. ಎರಡೂ ಕಡೆ ಒಣಕಲು ಬಳ್ಳಿ, ಒಣಕಲು ರೆಂಬೆ. ಹತ್ತು ನಿಮಿಷ ನಿಂತರೂ ನಮಗೆ ಏನೂ ಕಾಣಲಿಲ್ಲ. ತರಗೆಲೆ ಜೋತುಬಿದ್ದಿವೆ ಅಂದುಕೊಂಡೆವು. ಒಬ್ಬ ಗೆಳೆಯ ಮೊಬೈಲ್ ಜೇಬಿಗಿಟ್ಟು ‘ಲೇಟಾಯ್ತೇನೋ, ಹೊರಟೋಗಿವೆ’ ಅಂದ.

ಅಷ್ಟರಲ್ಲಿ ಬಿಸಿಲು ಮರದ ಸಂದಿಯಿಂದ ಇಳಿದು ಆ ರೆಂಬೆಗಳ ಮೇಲೆ ಬಿತ್ತು. ತರಗೆಲೆ ಅಂದುಕೊಂಡಿದ್ದೆಲ್ಲ ರೆಕ್ಕೆ ಬಿಚ್ಚಿತು. ಕಪ್ಪು ರೆಕ್ಕೆ, ಅದರ ಮೇಲೆ ತಿಳಿನೀಲಿ ಪಟ್ಟೆ, ಚುಕ್ಕೆ. ಒಂದು ರೆಂಬೆಯಲ್ಲಿ ನೂರಾದರೂ ಇದ್ದವು. ಅಂಥ ರೆಂಬೆ ಎಷ್ಟೋ. ಬಿಸಿಲು ಕಾದು ಒಂದೊಂದೇ ಗುಂಪು ಎದ್ದು ನಮ್ಮ ತಲೆಯ ಮೇಲೆ, ಭುಜದ ಪಕ್ಕ, ಕೈಗೆಟಕುವ ಹತ್ತಿರದಲ್ಲಿ ಹಾದುಹೋಯಿತು. ಸದ್ದೇ ಇಲ್ಲ. ಜಾತ್ರೆ, ಚುನಾವಣೆ, ಗಲಾಟೆ ಅಂತ ಸದ್ದಿರುವ ಕಡೆಗೇ ಓಡಿ ಅಭ್ಯಾಸವಾದ ನಮಗೆ, ಇಷ್ಟು ದೊಡ್ಡದು ಇಷ್ಟು ಸದ್ದಿಲ್ಲದೆ ನಡೆಯುತ್ತದೆ ಅಂತ ಗೊತ್ತಿರಲಿಲ್ಲ. ಚಾಮರಾಜನಗರ ಜಿಲ್ಲೆಯಲ್ಲೇ ಹುಟ್ಟಿ ಬೆಳೆದವರು ನಾವು. ಇದನ್ನು ನೋಡಲು ಮೂವತ್ತು ದಾಟಬೇಕಾಯಿತು.

‘ಇವು ಇಲ್ಲಿಯವಲ್ಲ ಕಣಪ್ಪ. ದಾರಿಹೋಕರು’ ಅಂದರು ಹಿರಿಯರು. ‘ಮಳೆಗಾಲಕ್ಕೆ ಮುಂಚೆ ಮೂಡ್ಲಾಗಿ ಹೋಯ್ತವೆ. ಮಳೆ ಮುಗಿದ ಮೇಲೆ ಪಡುವ್ಲಾಗಿ ಬತ್ತವೆ. ನಮ್ಮ ತಾತ್ನ ಕಾಲ್ದಿಂದ ಹಿಂಗೇಯ.’

ವಿಜ್ಞಾನಿಗಳು ಹೇಳುವುದೂ ಇದನ್ನೇ. ದಕ್ಷಿಣ ಭಾರತದ ಈ ವಲಸೆಯ ಬಗ್ಗೆ ಚಿಟ್ಟೆ ತಜ್ಞ ಕೃಷ್ಣಮೇಘ ಕುಂಟೆ 2005ರಲ್ಲೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಡಾರ್ಕ್ ಬ್ಲೂ ಟೈಗರ್, ಬ್ಲೂ ಟೈಗರ್, ಕಾಮನ್ ಕ್ರೋ, ಡಬಲ್ ಬ್ರಾಂಡೆಡ್ ಕ್ರೋ, ಈ ನಾಲ್ಕು ಜಾತಿಯವು ಮುಖ್ಯ ಪ್ರಯಾಣಿಕರು. ಪಶ್ಚಿಮ ಘಟ್ಟದಲ್ಲಿ ಮುಂಗಾರು ಜಡಿಯಲು ಶುರುವಾಗುವ ಮುಂಚೆ, ಏಪ್ರಿಲ್‌ನಿಂದ ಜೂನ್ ಒಳಗೆ, ಪೂರ್ವದ ಬಯಲು ಮತ್ತು ಪೂರ್ವ ಘಟ್ಟದ ಕಡೆ ಹೊರಡುತ್ತವೆ. ಅಲ್ಲಿ ಸಂತಾನ ಬೆಳೆಯುತ್ತದೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಮತ್ತೆ ಪಶ್ಚಿಮದ ಬೆಟ್ಟಗಳ ಕಡೆ ಮುಖ ಮಾಡುತ್ತವೆ. ನೂರಾರು ಕಿಲೋಮೀಟರ್ ದಾರಿ. ಬೆಂಗಳೂರಿನ ಫ್ಲೈಓವರ್ ಮೇಲೂ ಇವು ಹಾದು ಹೋಗುವುದನ್ನು ನೋಡಿದವರಿದ್ದಾರೆ. ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ಸೇತುವೆಯಂತಿರುವ ಬಿಳಿಗಿರಿರಂಗನ ಬೆಟ್ಟ, ಎರಡೂ ಮಳೆ ಕಾಣುವ ಜಾಗ, ಇವುಗಳಿಗೆ ತಂಗುದಾಣ ಆಗಿರುವುದರಲ್ಲಿ ಆಶ್ಚರ್ಯವಿಲ್ಲ.

ಈಗ ನಾವು ಹೇಳಬೇಕಾದ ಮಾತಿಗೆ ಬರುತ್ತೇವೆ. ಬೆಟ್ಟಕ್ಕೆ ರಕ್ಷಣೆ ಇದೆ. 1974ರಲ್ಲಿ ವನ್ಯಜೀವಿ ಅಭಯಾರಣ್ಯ ಆಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಗೇಟಿದೆ, ಗಾರ್ಡುಗಳಿದ್ದಾರೆ, ರಾತ್ರಿ ಸಂಚಾರಕ್ಕೆ ತಡೆ ಇದೆ. ಆದರೆ ಈ ಚಿಟ್ಟೆಗಳ ಬದುಕಿನಲ್ಲಿ ಬೆಟ್ಟ ಒಂದು ನಿಲ್ದಾಣ ಅಷ್ಟೇ. ಅವು ತಿನ್ನುವುದು, ಮೊಟ್ಟೆ ಇಡುವುದು, ದಣಿವಾರಿಸಿಕೊಳ್ಳುವುದು ಬಹಳಷ್ಟು ಗೇಟಿನ ಹೊರಗೆ. ಅಂದರೆ ನಮ್ಮ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ರಸ್ತೆ ಪಕ್ಕದ ಕಳೆಯಲ್ಲಿ. ಆ ಜಾಗಕ್ಕೆ ಯಾವ ಬೋರ್ಡೂ ಇಲ್ಲ.

ಬದುವಿನ ಮೇಲೆ ಏನಿದೆ ನೋಡಿ. ಮಕ್ಕಳು ಕಾಯಿ ಅಲ್ಲಾಡಿಸಿ ಸದ್ದು ಮಾಡುವ ಗಿಲಕಿ ಗಿಡ. ತೇವ ಇರುವ ಕಡೆ ಚೇಳುಕೊಂಡಿ ಗಿಡ. ಇವುಗಳ ಒಣಗಿದ ಕಡ್ಡಿ, ಕಾಯಿ, ಎಲೆಯನ್ನು ಈ ಜಾತಿಯ ಗಂಡು ಚಿಟ್ಟೆಗಳು ಗುಂಪುಗುಂಪಾಗಿ ಮುತ್ತಿ ಹೀರುತ್ತವೆ. ಅದರಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕದಿಂದಲೇ ಅವು ಹೆಣ್ಣನ್ನು ಸೆಳೆಯುವ ಗಂಧ ತಯಾರಿಸಿಕೊಳ್ಳುವುದು. ಬೇಲಿಗೆ ಹಬ್ಬಿದ ಹಾಲು ಸೋರುವ ಬಳ್ಳಿಗಳ ಮೇಲೆ ಇವುಗಳ ಹುಳು ಬೆಳೆಯುತ್ತದೆ. ಕಾಮನ್ ಕ್ರೋ ಚಿಟ್ಟೆಯ ಹುಳುವಿಗೆ ಮನೆ ಮುಂದಿನ ಕಣಗಿಲೆ, ಊರ ಮುಂದಿನ ಆಲದ ಮರ, ಸೊಗದೆ ಬೇರಿನ ಬಳ್ಳಿ ಆದರೂ ಸಾಕು. ಗಿಡಗಳ ವಿಷವನ್ನು ಮೈಯಲ್ಲಿ ಇಟ್ಟುಕೊಳ್ಳುವುದರಿಂದ ಹಕ್ಕಿಗಳು ಇವುಗಳ ತಂಟೆಗೆ ಬರುವುದು ಕಡಿಮೆ. ನಾವು ಕಳೆ ಅನ್ನುವುದು ಅವಕ್ಕೆ ಊಟ, ಔಷಧಿ, ಮದುವೆ ಖರ್ಚು ಎಲ್ಲ.

ನಮ್ಮ ಮೂವರ ಮನೆಯಲ್ಲೂ ಹೊಲ ಇದೆ. ಮೂರೂ ಹೊಲದ ಬದುವಿಗೆ ಈ ವರ್ಷ ಕಳೆ ಔಷಧಿ ಬಿದ್ದಿದೆ. ಬೆಟ್ಟದಿಂದ ಇಳಿದು ಬರುವಾಗ ಈ ಮಾತು ಬಂದದ್ದು. ಬಸ್ಸಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸೆಪ್ಟೆಂಬರಿನಲ್ಲಿ ಹಸಿರಾಗಿದ್ದ ಬದು ಅಕ್ಟೋಬರಿಗೆ ಸುಟ್ಟ ಕಂದು ಬಣ್ಣಕ್ಕೆ ತಿರುಗಿತ್ತು. ಚಿಟ್ಟೆಗಳು ದಾರಿ ಹಿಡಿಯುವ ಹೊತ್ತಿಗೆ ಸರಿಯಾಗಿ.

ಹಾಗಂತ ರೈತರನ್ನು ಬೈದು ಈ ಬರಹ ಮುಗಿಸುವ ಇರಾದೆ ನಮಗಿಲ್ಲ. ಬದು ಸವರಲು ಆಳು ಸಿಗುವುದಿಲ್ಲ. ಸಿಕ್ಕರೂ ನಾಲ್ಕು ಆಳಿನ ಕೂಲಿಯ ಮುಂದೆ ಒಂದು ಬಾಟಲಿ ಔಷಧಿ ಅಗ್ಗ. ಬದುವಿನ ಹುಲ್ಲಲ್ಲಿ ಹಾವು ಸೇರಿಕೊಳ್ಳುತ್ತದೆ ಅನ್ನುವ ಭಯವೂ ಸುಳ್ಳಲ್ಲ. ಗ್ಲೈಫೋಸೇಟ್ ಅನ್ನು ಪೆಸ್ಟ್ ಕಂಟ್ರೋಲ್ ಆಪರೇಟರುಗಳ ಮೂಲಕ ಮಾತ್ರ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತು. ನಮ್ಮ ಊರುಗಳಲ್ಲಿ ಕಳೆ ಔಷಧಿ ಹೊಡೆಯುವವರು ಅಪ್ಪ, ಚಿಕ್ಕಪ್ಪ, ಪಕ್ಕದ ಮನೆಯ ಹುಡುಗ. ಬೆನ್ನಿಗೆ ಕ್ಯಾನು, ಬಾಯಿಗೆ ಟವಲ್ಲು. ದೆಹಲಿಯ ಕಾಗದಕ್ಕೂ ನಮ್ಮ ಬದುವಿಗೂ ಇಷ್ಟು ದೂರ.

ಇಲ್ಲಿ ದೂರದ ಒಂದು ಉದಾಹರಣೆ ಕೊಡುತ್ತೇವೆ. ವಲಸೆ ಚಿಟ್ಟೆ ಅಂದ ಕೂಡಲೇ ಜಗತ್ತು ಹೇಳುವ ಹೆಸರು ಮೊನಾರ್ಕ್. ನಮ್ಮ ನೀಲಿ ಹುಲಿಯ ಕುಟುಂಬಕ್ಕೇ ಸೇರಿದ ಕಿತ್ತಳೆ ಬಣ್ಣದ ಚಿಟ್ಟೆ. ಕೆನಡಾ ಮತ್ತು ಅಮೆರಿಕದಿಂದ 4,000 ಕಿಲೋಮೀಟರಿನವರೆಗೆ ಹಾರಿ, ಮಧ್ಯ ಮೆಕ್ಸಿಕೋದ ಎತ್ತರದ ಬೆಟ್ಟಗಳಲ್ಲಿ, ಓಯಮೆಲ್ ಎಂಬ ಮರಗಳ ಕಾಡಿನಲ್ಲಿ ಚಳಿಗಾಲ ಕಳೆಯುತ್ತದೆ. ಎಲ್ ರೊಸಾರಿಯೊ, ಸಿಯೆರಾ ಚಿಂಕುವಾ ಮುಂತಾದ ಅಭಯಾರಣ್ಯಗಳಿಗೆ ಅದನ್ನು ನೋಡಲೆಂದೇ ಜನ ಹೋಗುತ್ತಾರೆ. ಹೊರಗಿನ ಜಗತ್ತಿಗೆ ಆ ಜಾಗ ಗೊತ್ತಾದದ್ದು 1975ರ ಜನವರಿಯಲ್ಲಿ. ಊರಿನವರಿಗೆ ಮೊದಲೇ ಗೊತ್ತಿತ್ತು. ನವೆಂಬರ್ ಆರಂಭದಲ್ಲಿ, ಅಲ್ಲಿನ ಹಿರಿಯರ ಹಬ್ಬದ ಹೊತ್ತಿಗೆ ಬರುವ ಈ ಚಿಟ್ಟೆಗಳನ್ನು ತೀರಿಕೊಂಡವರ ಆತ್ಮಗಳು ಅಂತ ಅವರು ನಂಬಿದ್ದರು. ನಮ್ಮಲ್ಲಿ ಪಿತೃಪಕ್ಷದ ಎಡೆಗೆ ಕಾಗೆ ಬಂದ ಹಾಗೆ.

ಮೆಕ್ಸಿಕೋ ಸರ್ಕಾರ 1986ರಲ್ಲಿ ಆ ಕಾಡಿಗೆ ರಕ್ಷಣೆ ಘೋಷಿಸಿತು. ಕಾಡಿನ ಒಡೆತನ ಇದ್ದದ್ದು ಎಹಿದೊ ಎಂಬ ಹಳ್ಳಿ ಸಮುದಾಯಗಳ ಕೈಯಲ್ಲಿ. ಅವರ ಹೊಟ್ಟೆಪಾಡಿಗೆ ದಾರಿ ತೋರಿಸದೆ ಮರ ಕಡಿಯಬೇಡಿ ಅಂದರೆ ಕಡಿತ ನಿಲ್ಲಲಿಲ್ಲ. 2000ದಲ್ಲಿ ಪ್ರದೇಶವನ್ನು ಹಿಗ್ಗಿಸಿದಾಗ, ಕಡಿಯದೆ ಉಳಿಸುವ ಹಳ್ಳಿಗಳಿಗೆ ಹಣ ಕೊಡುವ ನಿಧಿಯನ್ನೂ ಮಾಡಿದರು. ಇವತ್ತು ಅಲ್ಲಿ ಟಿಕೆಟ್ ಹರಿಯುವವರು, ಕುದುರೆ ನಡೆಸುವವರು, ‘ಮಾತಾಡಬೇಡಿ, ಹಗ್ಗ ದಾಟಬೇಡಿ’ ಅಂತ ಹೇಳುವ ಗೈಡುಗಳು ಆ ಹಳ್ಳಿಯವರೇ. 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಆದರೂ ಚಿಟ್ಟೆ ಕಡಿಮೆಯಾಯಿತು. ಎಣಿಸಲು ಆಗದಷ್ಟು ಇರುವುದರಿಂದ, ಎಷ್ಟು ಜಾಗದ ಮರಗಳ ಮೇಲೆ ಕೂತಿವೆ ಅಂತ ಅಲ್ಲಿ ಲೆಕ್ಕ ಹಾಕುತ್ತಾರೆ. 1996-97ರ ಚಳಿಗಾಲದಲ್ಲಿ 18.19 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸುಮಾರು 45 ಎಕರೆ. 2013-14ರಲ್ಲಿ 0.67 ಹೆಕ್ಟೇರ್, ಅಂದರೆ ಒಂದೂಮುಕ್ಕಾಲು ಎಕರೆಯೂ ಇಲ್ಲ. 2023-24ರಲ್ಲಿ 0.90, ಮರುವರ್ಷ 1.79 ಹೆಕ್ಟೇರ್. ಬೆಟ್ಟದಲ್ಲಿ ಕಳ್ಳ ಕಡಿತ, ಹವಾಮಾನದ ಏರುಪೇರು ಕಾರಣ ಹೌದು. ಜೊತೆಗೆ ಸಂಶೋಧಕರು ಬೊಟ್ಟು ಮಾಡುವ ದೊಡ್ಡ ಕಾರಣ ಬೆಟ್ಟದಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿದೆ. ಅಮೆರಿಕದ ಮೆಕ್ಕೆಜೋಳ, ಸೋಯಾ ಹೊಲಗಳಲ್ಲಿ ಕಳೆನಾಶಕ ತಡೆದುಕೊಳ್ಳುವ ತಳಿಗಳು ಬಂದವು. ಹೊಲಕ್ಕೆಲ್ಲ ಗ್ಲೈಫೋಸೇಟ್ ಬಿತ್ತು. ಸಾಲಿನ ನಡುವೆ, ಬದುವಿನ ಮೇಲೆ ಬೆಳೆಯುತ್ತಿದ್ದ ಮಿಲ್ಕ್‌ವೀಡ್ ಎಂಬ ಹಾಲುಗಿಡ ಹೋಯಿತು. ಮೊನಾರ್ಕ್ ಹುಳುವಿಗೆ ಅದು ಬಿಟ್ಟು ಬೇರೆ ಊಟ ಇಲ್ಲ.

ಕಾಡಿಗೆ ಕಾವಲು ಹಾಕಿ ಹೊಲ ಮರೆತರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಬೇಕೆ? ನಮ್ಮ ಚಿಟ್ಟೆಗಳಿಗೆ ಒಂದೇ ಗಿಡದ ಮೇಲೆ ಅಷ್ಟು ಅವಲಂಬನೆ ಇಲ್ಲ, ನಮ್ಮ ಹೊಲಗಳು ಅಷ್ಟು ದೊಡ್ಡವಲ್ಲ, ಇನ್ನೂ ಬೇಲಿ ಇದೆ, ಬೀಳು ಇದೆ. ಅದು ನಮ್ಮ ಅದೃಷ್ಟ. ಆದರೆ ದಾರಿ ಅದೇ ಕಡೆಗೆ ಹೊರಟಿದೆ.

ಗೇಟಿನ ಒಳಗಿನ ಮಾತನ್ನೂ ಹೇಳಬೇಕು. 1974ರ ಅಭಯಾರಣ್ಯದ ನಂತರ ಸೋಲಿಗರು ಕಾಡಿನೊಳಗಿನ ಬೇಸಾಯ, ಬೇಟೆ ಬಿಟ್ಟು ರಸ್ತೆ ಬದಿಯ ಪೋಡುಗಳಿಗೆ ಬಂದರು. ಆಮೇಲೆ ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಕ್ಕೂ ತಡೆ ಬಿತ್ತು. ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಕೈಗೆ ಬಂದದ್ದು 2011ರಲ್ಲಿ, ದೊಡ್ಡ ಹೋರಾಟದ ನಂತರ. ನಮ್ಮನ್ನು ಸೇತುವೆಗೆ ಕರೆದೊಯ್ದ ಹಿರಿಯರಿಗೆ ಯಾವ ತೊರೆಯಲ್ಲಿ, ಯಾವ ಮಳೆಯ ನಂತರ, ಯಾವ ಚಿಟ್ಟೆ ಬರುತ್ತದೆ ಅಂತ ಗೊತ್ತು. ಮೊದಲು ಕರಿಯವು, ಆಮೇಲೆ ಪಟ್ಟೆಯವು ಅಂತ ಅವರು ಬೆರಳು ಮಡಿಸಿ ಹೇಳಿದರು. ‘ಇದನ್ನೆಲ್ಲ ಯಾರಾದ್ರೂ ಬರ್ಕೊಂಡಿದಾರಾ?’ ಅಂತ ಕೇಳಿದೆವು. ‘ಓದೋಕೆ ಬಂದ ಹುಡುಗರು ಬರ್ಕೊಂಡೋಯ್ತಾರೆ. ಏನು ಬರ್ದ್ರು ಅಂತ ನಮಗೆ ತೋರ್ಸಲ್ಲ’ ಅಂದು ನಕ್ಕರು. ನೋಟ್‌ಪ್ಯಾಡು ಹಿಡಿದಿದ್ದ ನಮಗೆ ನಾಚಿಕೆ ಆಯಿತು. ಈ ಬರಹವನ್ನು ಅವರ ಪೋಡಿಗೆ ಹೋಗಿ ಓದಿ ಹೇಳುವುದಾಗಿ ಮಾತು ಕೊಟ್ಟಿದ್ದೇವೆ.

ಏನು ಮಾಡಬಹುದು? ದೊಡ್ಡ ಯೋಜನೆ, ಚಿಟ್ಟೆ ಪಾರ್ಕು, ಫೈಬರಿನ ಚಿಟ್ಟೆ ಪ್ರತಿಮೆ, ಸೆಲ್ಫಿ ಪಾಯಿಂಟು ನಾವು ಕೇಳುತ್ತಿಲ್ಲ. ಅದೆಲ್ಲ ಆದರೆ ಆ ಸೇತುವೆ ಪಕ್ಕದಲ್ಲೇ ಕಾರು ನಿಲ್ಲುತ್ತವೆ, ಚಿಪ್ಸ್ ಪ್ಯಾಕೆಟ್ ಬೀಳುತ್ತವೆ. ನಮ್ಮ ಕೈಯಳತೆಯ ನಾಲ್ಕು ಕೆಲಸ ಹೇಳುತ್ತೇವೆ.

ಮೊದಲನೆಯದು, ಪಂಚಾಯ್ತಿಯ ‘ಜಂಗಲ್ ಕಟಿಂಗ್’. ರಸ್ತೆ ಬದಿ, ಕೆರೆ ಏರಿಯ ಗಿಡಗಂಟಿ ಸವರುವುದು ಬೇಕು, ಅಪಘಾತ ತಪ್ಪುತ್ತದೆ. ಆದರೆ ಅಕ್ಟೋಬರ್, ನವೆಂಬರಿನಲ್ಲಿ ಎರಡೂ ಬದಿ ಒಟ್ಟಿಗೆ ಸವರಬೇಕೆಂದೇನಿಲ್ಲ. ತಿರುವುಗಳನ್ನು ಸವರಿ, ನೇರ ರಸ್ತೆಯ ಒಂದು ಬದಿಯನ್ನು ಡಿಸೆಂಬರಿಗೆ ಬಿಡಬಹುದು. ಖರ್ಚು ಸೊನ್ನೆ.

ಎರಡನೆಯದು, ಹೊಲದ ಬದು. ಇಡೀ ಬದು ಬಿಡಿ ಅಂತ ನಾವು ಯಾರಿಗೂ ಹೇಳಲಾರೆವು. ಓಡಾಡುವ ಬದು ಸವರಿಕೊಳ್ಳಿ. ಓಡಾಡದ ಒಂದು ಬದುವಿಗೆ, ಬೇಲಿ ಸಾಲಿಗೆ, ಔಷಧಿ ಬೇಡ. ಹಸಿರೆಲೆ ಗೊಬ್ಬರಕ್ಕೆ ಸೆಣಬು ಬಿತ್ತುವುದು ನಮ್ಮಲ್ಲಿ ಹೊಸದಲ್ಲ. ಸೆಣಬು ಗಿಲಕಿ ಗಿಡದ ಜಾತಿಯದೇ. ಹಿಂಗಾರಿಗೆ ಬಿತ್ತುವವರು ಅಂಚಿನ ಎರಡು ಸಾಲು ಉಳದೆ ಕಾಯಿ ಕಟ್ಟಲು ಬಿಟ್ಟರೆ ಚಿಟ್ಟೆಗೂ ಆಯಿತು, ಮುಂದಿನ ವರ್ಷಕ್ಕೆ ಬೀಜವೂ ಆಯಿತು.

ಮೂರನೆಯದು, ದಾಖಲೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಿಳಿವಳಿಕೆಯನ್ನೆಲ್ಲ ಜನತಾ ದಾಖಲಾತಿಯಲ್ಲಿ ಬರೆಯಬೇಕು. ಗ್ರಾಮಸಭೆಗಳ ವರದಿ ಮಾಡುತ್ತಾ ಇಷ್ಟು ವರ್ಷ ಕಳೆದೆವು, ಚಿಟ್ಟೆಯ ದಾರಿಯ ಮಾತು ಒಂದು ಸಭೆಯಲ್ಲೂ ಕೇಳಿಲ್ಲ. ಶಾಲೆ ಮಕ್ಕಳಿಗೆ ಎರಡು ತಿಂಗಳ ಮಟ್ಟಿಗೆ ಒಂದು ನೋಟ್‌ಬುಕ್ ಕೊಡಿ. ಬೆಳಿಗ್ಗೆ ಹದಿನೈದು ನಿಮಿಷ ಒಂದೇ ಜಾಗದಲ್ಲಿ ನಿಂತು ಎಷ್ಟು ಹಾದವು, ಯಾವ ದಿಕ್ಕಿಗೆ ಹಾದವು ಅಂತ ಬರೆದರೆ ಸಾಕು. ಹತ್ತು ವರ್ಷಕ್ಕೆ ಅದೇ ನಮ್ಮ ಹೆಕ್ಟೇರ್ ಲೆಕ್ಕ ಆಗುತ್ತದೆ.

ನಾಲ್ಕನೆಯದು, ಬೆಟ್ಟದ ರಸ್ತೆ. ವಲಸೆಯ ಎರಡು ಮೂರು ವಾರ ಬಿಸಿಲೇರುವ ಹೊತ್ತಿನಲ್ಲಿ ವಾಹನಗಳು ನಿಧಾನಕ್ಕೆ ಹೋಗುವಂತೆ ಚೆಕ್‌ಪೋಸ್ಟಿನಲ್ಲೇ ಒಂದು ಮಾತು ಹೇಳಬಹುದು. ನೋಡಲು ಬರುವವರನ್ನು ಕರೆದೊಯ್ಯುವ ಕೆಲಸ, ಅದರ ಕೂಲಿ, ಪೋಡಿನ ಯುವಕ ಯುವತಿಯರಿಗೆ ಸಿಗಬೇಕು. ನಮ್ಮ ಕಣ್ಣಿಗೆ ತರಗೆಲೆ ಕಂಡದ್ದು ಅವರ ಕಣ್ಣಿಗೆ ಚಿಟ್ಟೆಯಾಗಿ ಕಾಣುತ್ತದಲ್ಲ, ಆ ಕಣ್ಣಿಗೆ ಬೆಲೆ ಇರಬೇಕು.

ಇದರಲ್ಲಿ ಸುದ್ದಿ ಎಲ್ಲಿದೆ ಅಂತ ಡೆಸ್ಕು ಕೇಳಬಹುದು. ಸಾವಾದರೆ, ಗಾಯವಾದರೆ, ಪ್ರತಿಭಟನೆಯಾದರೆ ಸುದ್ದಿ. ಒಂದು ವರ್ಷ ಚಿಟ್ಟೆ ಬರದಿದ್ದರೆ ಯಾರೂ ಪ್ರತಿಭಟನೆ ಮಾಡುವುದಿಲ್ಲ. ಬರದೇ ಇರುವುದರ ಫೋಟೊ ತೆಗೆಯಲು ಆಗುವುದಿಲ್ಲ. ಅದಕ್ಕೇ ಬರುತ್ತಿರುವಾಗಲೇ ಬರೆಯಬೇಕು ಅನ್ನುವುದು ನಮ್ಮ ವಾದ. ಜಿಲ್ಲೆಯ ಸ್ಟ್ರಿಂಗರುಗಳಾದ ನಾವು ಮಾಡದಿದ್ದರೆ ಈ ಕೆಲಸಕ್ಕೆ ಬೆಂಗಳೂರಿನಿಂದ ಯಾರೂ ಬರುವುದಿಲ್ಲ.

ಊರಿಗೆ ಬಂದ ಮೇಲೆ ಮೂವರೂ ಮನೆಯಲ್ಲಿ ಬದುವಿನ ಮಾತು ಎತ್ತಿದೆವು. ಒಂದು ಮನೆಯಲ್ಲಿ ‘ಪೇಪರ್ನೋರಿಗೆ ಕೆಲ್ಸ ಇಲ್ಲ’ ಅಂತ ನಕ್ಕರು. ಒಂದು ಮನೆಯಲ್ಲಿ ‘ಹಾಗಾದ್ರೆ ನೀನೇ ಬಂದು ಕುಡುಗೋಲು ಹಿಡಿ’ ಅಂದರು. ಅದೂ ನ್ಯಾಯವೇ. ಮೂರನೇ ಮನೆಯಲ್ಲಿ ಅಮ್ಮ, ಪಡುವಲ ಬೇಲಿ ಸಾಲಿಗೆ ಮುಂದಿನ ವರ್ಷ ಔಷಧಿ ಬೇಡ ಅಂದಿದ್ದಾರೆ. ಹಸುವಿಗೆ ಹುಲ್ಲಾದರೂ ಆಗುತ್ತದೆ ಅನ್ನುವುದು ಅವರ ಲೆಕ್ಕ. ನಮಗೆ ಆ ಲೆಕ್ಕವೂ ಒಪ್ಪಿಗೆ. ಬರುವ ಏಪ್ರಿಲಿನಲ್ಲಿ ಮಳೆಗೆ ಮುಂಚೆ ಅವು ಮೂಡಲಾಗಿ ಹೊರಟಾಗ ಆ ಬೇಲಿ ಹತ್ತಿರ ನಿಂತು ಎಣಿಸುತ್ತೇವೆ. ನಿಮ್ಮ ಊರಿನ ಮೇಲೂ ಹಾದರೆ ತಾರೀಖು, ದಿಕ್ಕು ಬರೆದಿಟ್ಟುಕೊಂಡು ನಮಗೂ ತಿಳಿಸಿ.